ಬಾವುಟ ಹಾರಿತು, ಪೊಲೀಸ್ ಯಾರ ಕೈಲಿತ್ತು?

ಉತ್ತರ ಪತ್ರಿಕೆ ತಿದ್ದುವಾಗ ಒಂದು ವಾಕ್ಯ ಬಂದರೆ ನನ್ನ ಕೆಂಪು ಪೆನ್ನು ಅಲ್ಲೇ ನಿಲ್ಲುತ್ತದೆ. 'ಜಪಾನ್ 1943ರಲ್ಲಿ ಅಂಡಮಾನನ್ನು ಸುಭಾಷರ ಆಜಾದ್ ಹಿಂದ್ ಸರ್ಕಾರಕ್ಕೆ ಬಿಟ್ಟುಕೊಟ್ಟಿತು.' ಅಷ್ಟೇ, ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ. ಮಕ್ಕಳನ್ನು ಬೈದು ಏನು ಬಂತು? ದೊಡ್ಡವರೂ ವೇದಿಕೆ ಮೇಲೆ ಇದನ್ನೇ ಹೇಳುತ್ತಾರೆ.

ಆ ನವೆಂಬರ್‌ನಲ್ಲಿ ಜಪಾನಿನ ಪ್ರಧಾನಿ ತೋಜೊ ಟೋಕಿಯೊದಲ್ಲಿ, ತಾವು ವಶಪಡಿಸಿಕೊಂಡಿದ್ದ ಅಂಡಮಾನನ್ನು ಬಿಟ್ಟುಕೊಡುವುದಾಗಿ ಘೋಷಣೆ ಮಾಡಿದ್ದು ನಿಜ. ಡಿಸೆಂಬರ್ 30ಕ್ಕೆ ಸುಭಾಷರು ಪೋರ್ಟ್ ಬ್ಲೇರ್‌ನಲ್ಲಿ ಬಾವುಟ ಹಾರಿಸಿದ್ದೂ ನಿಜ. ಆದರೆ ಯುದ್ಧಕಾಲದ ಯಾವ ಸ್ಥಳೀಯ ಸರ್ಕಾರದ ಬಗ್ಗೆ ಓದಿದರೂ ನಾನು ಮೊದಲು ಕೇಳುವುದು ಒಂದೇ: ರಾತ್ರಿ ಬಾಗಿಲು ಬಡಿದು ಜನರನ್ನು ಎಳೆದೊಯ್ಯುವವರು ಯಾರ ಮಾತು ಕೇಳುತ್ತಾರೆ?

ಬಾವುಟ ಹಾರಿದ ದಿನ, ಸ್ವಾತಂತ್ರ್ಯಕ್ಕಾಗಿ ದುಡಿಯುತ್ತಿದ್ದ ಭಾರತೀಯರ ಸಂಘಟನೆಯಾದ ಅಲ್ಲಿನ ಇಂಡಿಯನ್ ಇಂಡಿಪೆಂಡೆನ್ಸ್ ಲೀಗನ್ನು ಮುನ್ನಡೆಸಿದ್ದ ಡಾಕ್ಟರ್ ದಿವಾನ್ ಸಿಂಗ್ ಜಪಾನೀಯರ ಸೆರೆಯಲ್ಲಿದ್ದರು. ಚಿತ್ರಹಿಂಸೆ ತಿಂದು 1944ರ ಜನವರಿ 14ರಂದು ಸತ್ತರು. ಬಾವುಟ ಹಾರಿ ಸರಿಯಾಗಿ ಒಂದು ತಿಂಗಳಿಗೆ, ಜನವರಿ 30ರಂದು, ಪೋರ್ಟ್ ಬ್ಲೇರ್ ಹತ್ತಿರದ ಹೋಮ್‌ಫ್ರೇಗಂಜ್‌ನಲ್ಲಿ ಜಪಾನೀಯರು 44 ಜನರನ್ನು ಗೂಢಚಾರರೆಂದು ಗುಂಡಿಟ್ಟು ಕೊಂದರು. ಇದೆಲ್ಲ ನಡೆದದ್ದು ಕಾಗದದ ಮೇಲೆ 'ಸ್ವತಂತ್ರ'ವಾದ ನೆಲದಲ್ಲೇ.

ಫೆಬ್ರವರಿಯಲ್ಲಿ ಸುಭಾಷರ ಸರ್ಕಾರದ ಪರವಾಗಿ ಚೀಫ್ ಕಮಿಷನರ್ ಆಗಿ ಲೋಗನಾಥನ್ ಬಂದರು. ಅವರೂ ವೃತ್ತಿಯಿಂದ ಡಾಕ್ಟರೇ. ಜಪಾನಿನ ನೌಕಾಪಡೆ ಅವರ ಕೈಗಿಟ್ಟಿದ್ದು ಶಿಕ್ಷಣ ಇಲಾಖೆ. ಪೊಲೀಸ್ ಇಲ್ಲ. ಬೇಕಾದರೆ ಇನ್ನೊಂದೆರಡು ಸಣ್ಣ ಇಲಾಖೆ ತಗೊಳ್ಳಿ ಎಂದಾಗ ಅವರು, ಪೊಲೀಸ್ ಕೊಡದಿದ್ದರೆ ಬೇರೆ ಯಾವುದೂ ಬೇಡ ಎಂದರು. ಇದನ್ನು ಹೇಳಿದಾಗಲೆಲ್ಲ ತರಗತಿಯಲ್ಲಿ ಯಾರಾದರೂ, 'ಸಿಕ್ಕಿದ್ದನ್ನು ತಗೋಬಹುದಿತ್ತಲ್ವಾ ಸರ್?' ಎನ್ನುತ್ತಾರೆ. ತಗೊಂಡರೆ ಏನಾಗುತ್ತಿತ್ತು, ನೀವೇ ಯೋಚಿಸಿ. ಹೊಡೆತ ಜಪಾನೀಯರದ್ದು, ರುಜು ಲೋಗನಾಥನ್ ಅವರದ್ದು. ಅವರ ನಿರ್ಧಾರ ಪೂರ್ತಿ ಸರಿ ಎಂದು ನಾನು ಹೇಳುವುದಿಲ್ಲ. ಅವರು ಇದ್ದಾಗಲೂ ಜನರ ಗೋಳು ನಿಲ್ಲಲಿಲ್ಲ. ಆದರೆ ಸುಮ್ನೆ 'ಕೈಗೊಂಬೆ' ಎಂದು ಬರೆದು ಮುಗಿಸಬೇಡಿ. ಕೈಗೊಂಬೆ ಬೇಡ ಅನ್ನುವುದಿಲ್ಲ.

ಡೆನ್ಮಾರ್ಕ್‌ನ ಕಥೆ ಪಕ್ಕಕ್ಕಿಟ್ಟು ನೋಡಿ. ಜರ್ಮನರು 1940ರಲ್ಲಿ ನುಗ್ಗಿದರೂ ಅಲ್ಲಿ ಪೊಲೀಸ್, ಕೋರ್ಟು ಡೇನರ ಸರ್ಕಾರದ ಕೈಯಲ್ಲೇ ಉಳಿದವು. ಹಾಗಾಗಿ 1943ರ ಆಗಸ್ಟ್‌ನಲ್ಲಿ, ವಿಧ್ವಂಸಕ ಕೃತ್ಯಕ್ಕೆ ಮರಣದಂಡನೆ ಹಾಕಿ ಎಂದು ಜರ್ಮನರು ಕೇಳಿದಾಗ, ಆಗಲ್ಲ ಎಂದು ಹೇಳಲು ಅವರಿಗೆ ಏನೋ ಒಂದು ಇತ್ತು. ಮರುದಿನವೇ ಜರ್ಮನ್ ಸೇನೆ ಆಡಳಿತ ಕಿತ್ತುಕೊಂಡಿತು, ಅದು ಬೇರೆ ಮಾತು. ಲೋಗನಾಥನ್ ಕೈಯಲ್ಲಿ ಕಿತ್ತುಕೊಳ್ಳುವಂಥದ್ದೇ ಇರಲಿಲ್ಲ.

ಹೋದ ಸಲ ಒಬ್ಬ ಹುಡುಗಿ ಅದೇ ಹಳೆಯ ವಾಕ್ಯ ಬರೆದು, ಆಮೇಲೆ ನೆನಪಾಯಿತೇನೋ, ಸಣ್ಣ ಅಕ್ಷರದಲ್ಲಿ ಪಕ್ಕಕ್ಕೆ ಸೇರಿಸಿದ್ದಳು: 'ಪೊಲೀಸ್ ಬಿಟ್ಟು'. ಅರ್ಧ ಅಂಕ ಜಾಸ್ತಿಯೇ ಹಾಕಿದೆ.