ಒಂದು ಸೈಲೆನ್ಸರ್ ಎಷ್ಟು ಕೈ ದಾಟಿ ಬರುತ್ತದೆ?

ಮುಂಬೈ, ಪುಣೆ ಎರಡೂ ಕಡೆ ಈಗೀಗ ಒಂದು ದೃಶ್ಯ ಮತ್ತೆ ಮತ್ತೆ ಕಾಣಸಿಗುತ್ತದೆ. ಟ್ರಾಫಿಕ್ ಪೊಲೀಸರು ಬೈಕುಗಳಿಂದ ಬಿಚ್ಚಿಸಿದ ಜೋರು ಸದ್ದಿನ ಸೈಲೆನ್ಸರ್‌ಗಳನ್ನು ರಸ್ತೆ ಮೇಲೆ ಸಾಲಾಗಿ ಮಲಗಿಸುತ್ತಾರೆ. ರೋಡ್ ರೋಲರ್ ಅವುಗಳ ಮೇಲೆ ಹಾಯುತ್ತದೆ. ಎಲ್ಲರೂ ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ಅದೇ ಸಂಜೆ ಪುಣೆಯ ನಾನಾ ಪೇಟೆಗೆ ಹೋಗಿ ನೋಡಿ. ಅಂಥದ್ದೇ ಸೈಲೆನ್ಸರ್ ಅಂಗಡಿ ಬಾಗಿಲಲ್ಲಿ ನೇತಾಡುತ್ತಿರುತ್ತದೆ.

ಡೊಂಬಿವಿಲಿಯಲ್ಲಿರುವ ನನ್ನ ಅಕ್ಕನ ಮಗ ಮೊನ್ನೆ ಕೇಳಿದ: "ಜಿಎಸ್‌ಟಿ ಬಿಲ್ ಕೊಟ್ಟೇ ಮಾರ್ತಾರೆ. ಹಾಕಿಸಿಕೊಂಡ್ರೆ ಮಾತ್ರ ದಂಡ. ಎಂತ ಕತೆ ಮಾವ ಇದು?"

ಒಂದೇ ಮಾತಲ್ಲಿ ಹೇಳಿ ಮುಗಿಸುವ ಕತೆ ಅಲ್ಲ. ನಾನು 2003ರಿಂದ ಎಂಟು ವರ್ಷ ಮುಂಬೈನ ಒಪೇರಾ ಹೌಸ್ ಹತ್ತಿರ, ವಾಹನದ ವೇಗ, ಬಲ, ಸದ್ದು ಏರಿಸುವ ಬಿಡಿಭಾಗ ಮಾರುವ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಕರ್ನಾಟಕದ ಆರ್ಡರ್ ಬರೆದುಕೊಳ್ಳುತ್ತಿದ್ದವನು. ಹಾಗಾಗಿ ಮಧ್ಯದ ಅಧ್ಯಾಯ ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಎಲ್ಲಕ್ಕೂ ಸರ್ಕಾರದ ಪರವಾನಗಿ ಬೇಕಿದ್ದ ಲೈಸೆನ್ಸ್ ಕಾಲದಲ್ಲಿ ಈ ವ್ಯಾಪಾರವೇ ಇರಲಿಲ್ಲ ಅಂದರೂ ನಡೆಯುತ್ತದೆ. ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರಿಗೆ ಸಾದಾ ಬಿಡಿಭಾಗ ಸಿಕ್ಕರೇ ಪುಣ್ಯ. 1983ರಲ್ಲಿ ರಾಜದೂತ್ 350, 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂದ ಮೇಲೆ ಹುಡುಗರಿಗೆ ವೇಗದ ರುಚಿ ಹತ್ತಿತು. ಆದರೆ ಆಗ ವೇಗ ಹುಟ್ಟುತ್ತಿದ್ದುದು ಲೇತ್ ಮೆಷಿನ್ನಿನಲ್ಲಿ. ಹೆಡ್ ಉಜ್ಜಿ ಕಂಪ್ರೆಷನ್ ಏರಿಸುವುದು, ಸಿಲಿಂಡರಿನ ಪೋರ್ಟ್ ಕೆತ್ತಿ ದೊಡ್ಡದು ಮಾಡುವುದು, ಇಷ್ಟೇ. ಮಾಲು ಬೇಕಿರಲಿಲ್ಲ, ಕೈಗುಣ ಬೇಕಿತ್ತು. ತೀರಾ ಬೇಕೆಂದವರು ಹಡಗಿನಲ್ಲಿ ಕೆಲಸ ಮಾಡುವವರ ಬ್ಯಾಗಿನಲ್ಲಿ ಒಂದು ಕಾರ್ಬ್ಯುರೇಟರ್ ತರಿಸಿಕೊಳ್ಳುತ್ತಿದ್ದರು. 1989ರಲ್ಲಿ ನ್ಹಾವಾ ಶೇವಾ ಬಂದರು ಶುರುವಾಯಿತು. 1991ರಲ್ಲಿ ಆರ್ಥಿಕ ನೀತಿ ಬದಲಾಯಿತು. 2001ರ ಏಪ್ರಿಲ್ 1ಕ್ಕೆ ಆಮದಿನ ಮೇಲಿದ್ದ ಪ್ರಮಾಣದ ಮಿತಿಗಳ ಕೊನೆಯ ಕಂತೂ ಹೋಯಿತು. ಆಮೇಲೆ ಆಮದು ಕೋಡ್ ಇದ್ದ ಯಾರು ಬೇಕಾದರೂ ತೈವಾನಿನಿಂದ ಒಂದು ಕಂಟೇನರ್ ಮಾಲು ಇಳಿಸಬಹುದಿತ್ತು.

ರಸ್ತೆಯಲ್ಲಿ ವಾಹನಗಳೂ ತಯಾರಾಗಿದ್ದವು. 1999ರಲ್ಲಿ ಹೀರೋ ಹೋಂಡಾ ಸಿಬಿಜೆಡ್, 2001ರಲ್ಲಿ ಬಜಾಜ್ ಪಲ್ಸರ್. ಕಾರುಗಳಲ್ಲಿ ಹೋಂಡಾ ಸಿಟಿ, ಮಿತ್ಸುಬಿಷಿ ಲ್ಯಾನ್ಸರ್. ನಾನು ಕೆಲಸಕ್ಕೆ ಸೇರಿದಾಗ ಈ ನಾಲ್ಕು ಹೆಸರಿನ ಮೇಲೆಯೇ ನಮ್ಮ ಕೌಂಟರ್ ಓಡುತ್ತಿತ್ತು.

ಈ ಹೋಲ್‌ಸೇಲ್ ಸಾದಾ ಬಿಡಿಭಾಗದ ಹೋಲ್‌ಸೇಲ್‌ನಂತೆ ಅಲ್ಲ. ಬ್ರೇಕ್ ಶೂ ಸವೆಯುತ್ತದೆ, ಗಿರಾಕಿ ವಾಪಸ್ ಬಂದೇ ಬರುತ್ತಾನೆ. ಪರ್ಫಾರ್ಮೆನ್ಸ್ ಮಾಲು ಸವೆದು ಹೋಗುವ ಮೊದಲೇ ಹುಡುಗನ ಹುಚ್ಚು ಇಳಿದಿರುತ್ತದೆ, ಇಲ್ಲವೇ ಮದುವೆ ಆಗಿರುತ್ತದೆ. ಹಾಗಾಗಿ ನಾವು ಇಟ್ಟುಕೊಳ್ಳುತ್ತಿದ್ದುದು ಎಲ್ಲಕ್ಕೂ ಹೊಂದುವ ಐಟಂ ಮಾತ್ರ: ಕೋನ್ ಆಕಾರದ ಏರ್ ಫಿಲ್ಟರ್, ಇರಿಡಿಯಂ ಪ್ಲಗ್, ಹಾರ್ನ್, ಬಲ್ಬು, ಹೊಗೆಯನ್ನು ಹೆಚ್ಚು ತಡೆಯಿಲ್ಲದೆ ಹೊರಬಿಡುವ ಫ್ರೀ ಫ್ಲೋ ಸೈಲೆನ್ಸರ್. ಇವೆಲ್ಲ ಚಾಲ್ತಿ ಮಾಲು. ಕ್ಯಾಮ್‌ಶಾಫ್ಟ್, ಕ್ಲಚ್ ಪ್ಲೇಟು, ಸಸ್ಪೆನ್ಷನ್ ಒಂದೊಂದು ಮಾಡೆಲ್‌ಗೆ ಒಂದೊಂದು. ಅದಕ್ಕೆ ಅರ್ಧ ದುಡ್ಡು ಮುಂಗಡ ಕೊಟ್ಟರೆ ಮಾತ್ರ ತರಿಸುವುದು. ಒಂದು ಸಲ ಲ್ಯಾನ್ಸರ್‌ನ ಆರು ಸೆಟ್ ಸ್ಪ್ರಿಂಗ್ ಮುಂಗಡ ಇಲ್ಲದೆ ತರಿಸಿದ್ದೆವು. ನಾನು ಕೆಲಸ ಬಿಡುವಾಗಲೂ ಅದರಲ್ಲಿ ನಾಲ್ಕು ಅಟ್ಟದ ಮೇಲೇ ಇದ್ದವು.

ಬಲ್ಬಿನ ವಿಷಯ ಹೇಳಲೇಬೇಕು. ಕಾರಿನ ಎಚ್4 ಹೆಡ್‌ಲೈಟ್ ಬಲ್ಬು 60/55 ವ್ಯಾಟ್. ನಾವು ಪೆಟ್ಟಿಗೆಗಟ್ಟಲೆ ಕಳಿಸುತ್ತಿದ್ದುದು 100/90. ಅಷ್ಟು ಕರೆಂಟನ್ನು ಕಾರಿನ ಮೂಲ ವೈರು ತಡೆಯುವುದಿಲ್ಲ. ರಿಲೇ ಅನ್ನುವ ಸ್ವಿಚ್ಚು ಹಾಕಿ ಬ್ಯಾಟರಿಯಿಂದ ಬೇರೆ ದಪ್ಪ ವೈರು ಎಳೆಯಬೇಕು. ಬಲ್ಬಿನ ಜೊತೆ ರಿಲೇ ಕಿಟ್ಟನ್ನೂ ತಗೊಳ್ಳಿ ಅಂತ ಫೋನಿನಲ್ಲಿ ಹೇಳುತ್ತಿದ್ದೆ. ಹುಬ್ಬಳ್ಳಿಯ ಒಬ್ಬರು ನಗುತ್ತಿದ್ದರು: "ನೀವು ಬಲ್ಬ್ ಅಷ್ಟ ಕಳಸ್ರಿ, ಉಳಿದದ್ದು ನಾವು ನೋಡ್ಕೋತೀವಿ." ಆರು ತಿಂಗಳಿಗೆ ಅವರೇ ಒಂದು ಹೋಲ್ಡರ್ ಕಳಿಸಿದರು, ಮಾದರಿಗೆ. ಬೆಲ್ಲದ ಪಾಕದ ಹಾಗೆ ಕರಗಿ, ಮೂರು ಪಿನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅದನ್ನು ಬಹಳ ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಬಲ್ಬ್ ಮಾರುವುದನ್ನೇನೂ ನಿಲ್ಲಿಸಲಿಲ್ಲ.

ಮಾಲು ಹೋಗುತ್ತಿದ್ದ ದಾರಿ ಇನ್ನೂ ಸ್ವಾರಸ್ಯದ್ದು. ಆಗ ಮುಂಬೈ ಊರೊಳಗೆ ಸರಕು ಬರಬೇಕಾದರೆ ಮುಲುಂಡ್, ದಹಿಸರ್, ವಾಶಿಯಂಥ ನಾಕಾಗಳಲ್ಲಿ ಆಕ್ಟ್ರಾಯ್ ಕಟ್ಟಬೇಕು. ಹುಬ್ಬಳ್ಳಿಗೆ ಹೋಗುವ ಫಿಲ್ಟರ್‌ಗೆ ಮುಂಬೈನ ಸುಂಕ ಯಾಕೆ? ಅದಕ್ಕೇ ನ್ಹಾವಾ ಶೇವಾದಲ್ಲಿ ಇಳಿದ ಮಾಲು ಊರಿಗೆ ಬರದೆ ನೇರ ಭಿವಂಡಿಯ ಸುತ್ತಲಿನ ಹಳ್ಳಿಗಳ ಗೋಡೌನಿಗೆ ಹೋಗುತ್ತಿತ್ತು. ಅಲ್ಲಿಯವರು ಗೋಡೌನಿಗೆ ಗಾಲಾ ಅನ್ನುತ್ತಾರೆ. ಒಪೇರಾ ಹೌಸ್ ಅಂಗಡಿಯಲ್ಲಿ ಇದ್ದುದು ಸ್ಯಾಂಪಲ್, ಫೋನು, ಬಿಲ್ ಪುಸ್ತಕ. ನಾನು ಬರೆದ ಚೀಟಿ ಸಂಜೆ ಫ್ಯಾಕ್ಸ್ ಆಗಿ ಗಾಲಾಕ್ಕೆ ಹೋಗುತ್ತಿತ್ತು. ಅಲ್ಲಿ ಹಮಾಲರು ಸೈಲೆನ್ಸರ್‌ಗೆ ಗೋಣಿ ಸುತ್ತಿ, ಹೊಲಿದು, ಮೇಲೆ ನೀಲಿ ಶಾಯಿಯಲ್ಲಿ ಮಾರ್ಕಾ ಬರೆದು ಲಾರಿಗೆ ಏರಿಸುತ್ತಿದ್ದರು. ಲಾರಿಯವರು ಕೊಡುವ ರಸೀದಿ, ಅಂದರೆ ಬಿಲ್ಟಿಯ ನಂಬರನ್ನು ನಾನು ಫೋನಿನಲ್ಲಿ ಓದಿ ಹೇಳಬೇಕು. ಬಿಲ್ಟಿಯಲ್ಲಿ ಒಳಗೇನಿದೆ ಅಂತ ಎರಡೇ ಪದ: ಮೋಟರ್ ಪಾರ್ಟ್ಸ್.

ಆ ಎರಡು ಪದ ನೆನಪಿರಲಿ. ಮುಂದಿನ ಗೋಜಲೆಲ್ಲ ಅಲ್ಲಿಂದಲೇ.

ನಕಲಿಯೂ ಅದೇ ದಾರಿಯಲ್ಲಿ ಬಂತು. ಕೋನ್ ಫಿಲ್ಟರಿನ ಒಳಗೆ ಎಣ್ಣೆ ಹಚ್ಚಿದ ಹತ್ತಿ ಬಟ್ಟೆಯ ಮಡಿಕೆ ಇರುತ್ತದೆ. ತೊಳೆದು, ಒಣಗಿಸಿ, ಮತ್ತೆ ಎಣ್ಣೆ ಹಾಕಿ ಬಳಸಬಹುದು. ಅದಕ್ಕೇ ಬೆಲೆ ಜಾಸ್ತಿ. 2007ರ ಸುಮಾರಿಗೆ ನಮಗೆ ಒಂದು ಲಾಟ್ ಬಂತು. ಪೆಟ್ಟಿಗೆ ಅದೇ, ಸ್ಟಿಕ್ಕರ್ ಅದೇ, ಕೆಂಪು ಬಣ್ಣವೂ ಅದೇ. ಬೆಳಕಿಗೆ ಹಿಡಿದರೆ ಮಡಿಕೆಯ ನಡುವೆ ಸಣ್ಣ ಸಣ್ಣ ತೂತು ಕಾಣುತ್ತಿತ್ತು. ಮೂಗಿಗೆ ಹಿಡಿದರೆ ಎಣ್ಣೆಯ ವಾಸನೆ ಇಲ್ಲ, ಬಣ್ಣದ್ದು. ಕಳಿಸಿದವರು ಬದಲಾಯಿಸಿ ಕೊಡಲಿಲ್ಲ. ನಾವು ಅದನ್ನು ಎಸೆಯಲೂ ಇಲ್ಲ. "ಫಸ್ಟ್ ಕಾಪಿ" ಅಂತ ಹೆಸರಿಟ್ಟು ಅರ್ಧ ಬೆಲೆಗೆ ಹೋಯಿತು. ಆ ಧೂಳು ಯಾವ ಯಾವ ಎಂಜಿನ್ನಿನ ಹೊಟ್ಟೆಗೆ ಹೋಯಿತೋ.

2010ರ ನಂತರದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 2012ರಲ್ಲಿ ಪುಣೆ ಹತ್ತಿರದ ಚಾಕಣದಿಂದ ಕೆಟಿಎಂ ಡ್ಯೂಕ್ ಬೈಕ್ ಹೊರಬಂತು. 2013ರಲ್ಲಿ ಗೋವಾದಲ್ಲಿ ಇಂಡಿಯಾ ಬೈಕ್ ವೀಕ್ ಶುರುವಾಯಿತು. ಹೊರದೇಶದ ಕಂಪನಿಗಳು ಒಂದೊಂದಾಗಿ ಅಧಿಕೃತ ವಿತರಕರನ್ನು ನೇಮಿಸಿದವು. ಅವರ ಪಕ್ಕದಲ್ಲೇ ದುಬೈ, ಬ್ಯಾಂಕಾಕ್‌ಗಳಿಂದ ಸುತ್ತಿ ಬಂದ ಅದೇ ಮಾಲು ಕಡಿಮೆ ಬೆಲೆಗೆ, ವಾರಂಟಿ ಇಲ್ಲದೆ ಸಿಗುತ್ತಿತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಆಕ್ಟ್ರಾಯ್ ನಾಕಾಗಳು ಖಾಲಿಯಾದವು. ಭಿವಂಡಿಯ ಗಾಲಾಗಳು ಮಾತ್ರ ಖಾಲಿಯಾಗಲಿಲ್ಲ, ಆನ್‌ಲೈನ್ ಕಂಪನಿಗಳು ಬಂದು ತುಂಬಿಕೊಂಡವು. ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಯವರು ನಮಗೆ ಫೋನ್ ಮಾಡುವುದು ಬಿಟ್ಟು ತಾವೇ ತರಿಸತೊಡಗಿದರು.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. 2020ರ ಏಪ್ರಿಲ್‌ನಿಂದ ಹೊಗೆಗೆ ಬಿಗಿ ಮಿತಿ ಹಾಕುವ ಬಿಎಸ್6 ನಿಯಮ. ಕಾರ್ಬ್ಯುರೇಟರ್ ಹೆಚ್ಚುಕಡಿಮೆ ಮೂಲೆ ಸೇರಿತು. ಎಂಜಿನ್ನಿನ ಮಿದುಳು ಈಗ ಇಸಿಯು ಅನ್ನುವ ಡಬ್ಬಿ. ಕಾರು, ಬೈಕಿನ ಬಲ ಏರಿಸಲು ಅದರೊಳಗಿನ ಲೆಕ್ಕ ತಿದ್ದಬೇಕು. ಬೆಂಗಳೂರಿನಲ್ಲೇ ತಯಾರಾಗುವ ಪವರ್‌ಟ್ರಾನಿಕ್‌ನಂಥ ಪಿಗ್ಗಿಬ್ಯಾಕ್, ಅಂದರೆ ಇಸಿಯು ಜೊತೆಗೆ ಜೋಡಿಸುವ ಡಬ್ಬಿಯಾದರೂ ಕೈಗೆ ಸಿಗುವ ವಸ್ತು, ಅದನ್ನು ಪಾರ್ಸಲ್ ಮಾಡಬಹುದು. ಇಸಿಯುವಿನ ಲೆಕ್ಕವನ್ನೇ ತಿದ್ದುವ ರಿಮ್ಯಾಪ್ ಅನ್ನುವುದು ಬರೀ ಫೈಲು. ಗ್ಯಾರೇಜಿನವನು ಕಾರಿನಿಂದ ಓದಿದ ಫೈಲನ್ನು ಮೇಲಿನವನಿಗೆ ಕಳಿಸುತ್ತಾನೆ, ಅವನು ತಿದ್ದಿ ವಾಪಸ್ ಕಳಿಸುತ್ತಾನೆ. ಗ್ಯಾರೇಜಿನವನ ಯಂತ್ರ ಆ ಒಬ್ಬನ ಫೈಲನ್ನು ಮಾತ್ರ ತೆರೆಯುವಂತೆ ಬೀಗ ಹಾಕಿರುತ್ತಾರೆ. ಇದೂ ಹೋಲ್‌ಸೇಲೇ ಅಲ್ವಾ? ಗೋಣಿ ಇಲ್ಲ, ಹಮಾಲಿ ಇಲ್ಲ, ಬಿಲ್ಟಿ ಇಲ್ಲ.

ಈಗ ಹುಡುಗ ಕೇಳಿದ ಪ್ರಶ್ನೆಗೆ ಬರೋಣ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೊದಲಿನಿಂದಲೂ ಇತ್ತು. 2000ದ ತಿದ್ದುಪಡಿಯಲ್ಲಿ ಅದು ಬಿಗಿಯಾಯಿತು: ತಯಾರಕರು ಮೊದಲು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸಬಾರದು. ಕೇರಳ ಹೈಕೋರ್ಟ್ ಇದನ್ನು ಸ್ವಲ್ಪ ಸಡಿಲವಾಗಿ ಓದಿತ್ತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಸಡಿಲ ಒಪ್ಪಲಿಲ್ಲ. ಅದೇ ವರ್ಷ ಕಾಯ್ದೆಗೆ 182ಎ ಕಲಂ ಸೇರಿತು. ಹೊಸ ದಂಡದ ಪಟ್ಟಿ ಮಹಾರಾಷ್ಟ್ರದಲ್ಲಿ ಜಾರಿಗೆ ಬರುವಾಗ 2021ರ ಡಿಸೆಂಬರ್ ಆಗಿತ್ತು.

182ಎ ಕಲಮನ್ನು ಒಮ್ಮೆ ನಿಧಾನವಾಗಿ ಓದಬೇಕು. ಅನುಮತಿ ಇಲ್ಲದ ಭಾಗ ಹಾಕಿಸಿ ವಾಹನ ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳ ತನಕ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಮಾರುವವರಿಗೂ ಶಿಕ್ಷೆ ಇದೆ, ಕೇಳಲು ಇನ್ನೂ ದೊಡ್ಡದು: ಒಂದು ವರ್ಷದ ತನಕ ಜೈಲು, ಇಲ್ಲವೇ ಒಂದೊಂದು ಭಾಗಕ್ಕೆ 1 ಲಕ್ಷ ದಂಡ, ಇಲ್ಲವೇ ಎರಡೂ. ಆದರೆ ಅದು ಸುರಕ್ಷತೆಗೆ ಅತಿ ಮುಖ್ಯ ಅಂತ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಭಾಗಗಳಿಗೆ ಮಾತ್ರ. ಹಾಕಿಸಿಕೊಂಡವನಿಗೆ ಇಂಥ ಪಟ್ಟಿಯ ರಕ್ಷಣೆ ಇಲ್ಲ.

ಸದ್ದಿನದು ಬೇರೆ ಲೆಕ್ಕ. 175 ಸಿಸಿಗಿಂತ ದೊಡ್ಡ ಬೈಕಿಗೆ ಕಾರ್ಖಾನೆ ಹಂತದಲ್ಲಿ 80 ಡೆಸಿಬೆಲ್ ಮಿತಿ. ಅದನ್ನು ಅಳೆಯುವುದು ಪರೀಕ್ಷಾ ಟ್ರ್ಯಾಕಿನಲ್ಲಿ, ಏಳೂವರೆ ಮೀಟರ್ ದೂರದಲ್ಲಿ ಮೈಕ್ ಇಟ್ಟು, ಬೈಕ್ ಹಾದುಹೋಗುವಾಗ. ಪುಣೆಯ ಎಆರ್‌ಎಐನಲ್ಲಿ (ವಾಹನ ಪರೀಕ್ಷೆಯ ಸಂಸ್ಥೆ) ಇದಕ್ಕೆಲ್ಲ ವ್ಯವಸ್ಥೆ ಇದೆ. ನಾಕಾಬಂದಿಯಲ್ಲಿ ನಿಂತ ಹವಾಲ್ದಾರರಿಗೆ ಹೆಚ್ಚಾಗಿ ಕಿವಿಯೇ ಮೀಟರ್.

ಇನ್ನು ಅಂಗಡಿಯ ಕಡೆ. ಕಸ್ಟಮ್ಸ್‌ನಲ್ಲಿ ಕಾರಿನ ಸೈಲೆನ್ಸರ್ ಬರುವುದು 8708 92 ಕೋಡಿನಲ್ಲಿ, ಬೈಕಿನ ಭಾಗಗಳು 8714 10ರಲ್ಲಿ. ಕಂಪನಿಯದ್ದೇ ಬದಲಿ ಸೈಲೆನ್ಸರ್ ಆದರೂ ಅದೇ ಕೋಡು, ಕಿವಿ ಹರಿಯುವಂಥದ್ದಾದರೂ ಅದೇ ಕೋಡು. ನಮ್ಮ ಬಿಲ್ಟಿಯ ಮೋಟರ್ ಪಾರ್ಟ್ಸ್ ಅನ್ನುವ ಎರಡು ಪದದ ಹಾಗೇ, ಯಾವುದು ಎಂಥದ್ದು ಅಂತ ಕಾಗದ ಹೇಳುವುದಿಲ್ಲ. ಬಂದರಿನಲ್ಲಿ ಸುಂಕ ಕಟ್ಟಿ, ಜಿಎಸ್‌ಟಿ ಕಟ್ಟಿ, ಪಕ್ಕಾ ಬಿಲ್ಲಿನಲ್ಲಿ ಹೊರಬರುತ್ತದೆ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ರೇಸ್ ಟ್ರ್ಯಾಕಿಗೆ ಮಾತ್ರ ಅಂತ ಇರುತ್ತದೆ. ಆಮದು ಮಾಡಿದವರು ಅದನ್ನು ತೋರಿಸುತ್ತಾರೆ, ಹೋಲ್‌ಸೇಲಿನವರು ಅದನ್ನು ತೋರಿಸುತ್ತಾರೆ, ಅಂಗಡಿಯವರೂ ಅದನ್ನೇ. ಸುಳ್ಳೇನಲ್ಲ. ಆದರೆ ದ್ವಿಚಕ್ರದ ಒಳ್ಳೆ ರೇಸ್ ಟ್ರ್ಯಾಕ್ ಬೇಕೆಂದರೆ ಡೊಂಬಿವಿಲಿಯ ಹುಡುಗ ಚೆನ್ನೈಗೋ ಕೊಯಮತ್ತೂರಿಗೋ ಹೋಗಬೇಕು. ಅವನು ಅದನ್ನು ಕಲ್ಯಾಣ್ ಶೀಲ್ ರೋಡಿನಲ್ಲಿ ಓಡಿಸುತ್ತಾನೆ ಅಂತ ಈ ಸಾಲಿನಲ್ಲಿ ಯಾರಿಗೂ ಗೊತ್ತಿಲ್ಲದೆ ಇಲ್ಲ. ನನಗೂ ಗೊತ್ತಿತ್ತು, ಆ ಎಂಟು ವರ್ಷ.

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹಳೆಯ ಪರಿಚಯದವರೊಬ್ಬರು ಹೊಸ ರೇಟ್ ಲಿಸ್ಟನ್ನು ವಾಟ್ಸ್‌ಆಪ್‌ನಲ್ಲಿ ಕಳಿಸಿದ್ದರು. ನಾಲ್ಕು ಪುಟ, ಬೆಲೆಗಳೆಲ್ಲ ತಿದ್ದಿವೆ. ಕೊನೆಯ ಪುಟದ ಕೆಳಗೆ ಎರಡು ಸಾಲು ಹಾಗೇ ಇವೆ: ಮಾರಿದ ಮಾಲು ವಾಪಸ್ ಇಲ್ಲ. ರಸ್ತೆಯ ಬಳಕೆಗೆ ನಾವು ಜವಾಬ್ದಾರರಲ್ಲ.