ಕಾರಿನ ಬ್ಯಾಟರಿಯಿಂದ ಮನೆಗೆ ಕರೆಂಟ್

2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಭಾಗದಲ್ಲಿ ಭೂಕಂಪ ಆಯಿತು, ಹಿಂದೆಯೇ ಸುನಾಮಿ ಬಂತು. ಪೆಟ್ರೋಲ್ ಸಿಗದಂತಾಯಿತು. ಎಷ್ಟೋ ಊರುಗಳಿಗೆ ಪೆಟ್ರೋಲ್‌ಗಿಂತ ಮೊದಲು ಕರೆಂಟೇ ವಾಪಸ್ ಬಂತು. ನಿಸಾನ್ ಮತ್ತು ಮಿತ್ಸುಬಿಷಿ ಕಳಿಸಿಕೊಟ್ಟ ಎಲೆಕ್ಟ್ರಿಕ್ ಕಾರುಗಳು ಪರಿಹಾರ ಕೆಲಸಕ್ಕೆ ಓಡಾಡಿದವು. ಆಗಲೇ ಒಂದು ಕೊರತೆ ಕಣ್ಣಿಗೆ ಬಿದ್ದಿದ್ದು. ನಿಸಾನ್ ಲೀಫ್ ಕಾರಿನ ಬ್ಯಾಟರಿಯಲ್ಲಿ 24 ಯೂನಿಟ್ ಕರೆಂಟ್ ಹಿಡಿಸುತ್ತಿತ್ತು, ಆದರೆ ಅದನ್ನು ಹೊರಗೆ ತೆಗೆದು ಮನೆಗೆ ಕೊಡುವ ದಾರಿ ಇರಲಿಲ್ಲ. ಮರುವರ್ಷವೇ ನಿಚಿಕಾನ್ ಕಂಪನಿ ಕಾರಿಗೂ ಮನೆಗೂ ನಡುವೆ ಕೂರಿಸುವ 6 ಕಿಲೋವ್ಯಾಟ್‌ನ ಪೆಟ್ಟಿಗೆಯೊಂದನ್ನು ತಂದಿತು. 2019ರ ಸೆಪ್ಟೆಂಬರ್‌ನಲ್ಲಿ ಚಿಬಾ ಪ್ರಾಂತ್ಯಕ್ಕೆ ಚಂಡಮಾರುತ ಬಡಿದು ಲಕ್ಷಾಂತರ ಮನೆಗಳು ಕತ್ತಲಾದಾಗ ಲೀಫ್ ಕಾರುಗಳು ಕರೆಂಟ್ ಕೊಡೋದಕ್ಕೆಂದೇ ಅಲ್ಲಿಗೆ ಹೋದವು.

ನಮ್ಮ ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಮನೆಯ ಯುಪಿಎಸ್‌ನಲ್ಲಿರುವ 150 ಆಂಪಿಯರ್ ಅವರ್, 12 ವೋಲ್ಟ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇರುತ್ತದೆ. ಅದನ್ನೂ ಪೂರ್ತಿ ಖಾಲಿ ಮಾಡುವ ಹಾಗಿಲ್ಲ. ಟಾಟಾದ ನೆಕ್ಸಾನ್ ಇವಿಯಂಥ ಎಲೆಕ್ಟ್ರಿಕ್ ಕಾರಿನಲ್ಲಿ 40 ಯೂನಿಟ್‌ನಷ್ಟು ಹಿಡಿಸುವ ಬ್ಯಾಟರಿಯೂ ಇದೆ! ಫ್ರಿಜ್, ನಾಲ್ಕು ಫ್ಯಾನು, ಎಲ್‌ಇಡಿ ಬಲ್ಬುಗಳು, ವೈಫೈ ಎಲ್ಲ ಸೇರಿ ದಿನಕ್ಕೆ ಐದು ಯೂನಿಟ್ ಎಂದಿಟ್ಟುಕೊಳ್ಳಿ. ಕಾರಿನ ಓಡಾಟಕ್ಕೆಂದು ಮೂರರಲ್ಲಿ ಒಂದು ಪಾಲು ತೆಗೆದಿಟ್ಟರೂ ನಾಲ್ಕೈದು ದಿನ ನಡೆಯುತ್ತದೆ. ಗೀಸರ್ ಮಾತ್ರ ಬೇಡ.

ಕರೆಂಟ್ ಹೊರಗೆ ಕೊಡುವ ಸೌಲಭ್ಯ ಇರುವ ಇಂಥ ಕಾರುಗಳಲ್ಲಿ ಚಾರ್ಜಿಂಗ್ ಪೋರ್ಟ್‌ಗೆ ಅಡಾಪ್ಟರ್ ಸಿಕ್ಕಿಸಿದರೆ 230 ವೋಲ್ಟ್ ಎಸಿ, ಅಂದರೆ ಮನೆಯ ಸಾಕೆಟ್‌ನಲ್ಲಿ ಬರುವಂಥದ್ದೇ ಕರೆಂಟ್, ಹೊರಬರುತ್ತದೆ. ಚಾರ್ಜ್ ಮಾಡುವಾಗ ಎಸಿಯನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಸರ್ಕ್ಯೂಟೇ ಇಲ್ಲಿ ಉಲ್ಟಾ ಕೆಲಸ ಮಾಡುತ್ತದೆ. ಮಿತಿ ಸುಮಾರು 3 ಕಿಲೋವ್ಯಾಟ್. ಬೋರ್‌ವೆಲ್ ಮೋಟಾರ್ ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ, ಆಗ ಟ್ರಿಪ್ ಆಗಬಹುದು.

ಬ್ಯಾಟರಿ ಬೇಗ ಹಾಳಾಗುವುದಿಲ್ವಾ ಅಂತ ಕೇಳುವವರು ತುಂಬಾ ಜನ. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಇದೇ ಬ್ಯಾಟರಿ 100 ಕಿಲೋವ್ಯಾಟ್‌ನಷ್ಟು ಕೊಡುತ್ತದೆ. ಮನೆ ಎಳೆಯುವ ಒಂದೆರಡು ಕಿಲೋವ್ಯಾಟ್ ಅದಕ್ಕೆ ಏನೇನೂ ಅಲ್ಲ. ವರ್ಷಕ್ಕೆ ಕೆಲವು ದಿನ ಬಳಸಿದರೆ ಚಿಂತೆ ಬೇಡ.

ನನಗೆ ನಿಜವಾಗಿ ಭಯ ಇರುವುದು ಬೇರೆ ಕಡೆ. ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿಸಿ, ಒಂದನ್ನು ಕಾರಿಗೆ, ಇನ್ನೊಂದನ್ನು ಗೋಡೆಯ ಸಾಕೆಟ್‌ಗೆ ಚುಚ್ಚಿದರೆ ಇಡೀ ಮನೆ ಬೆಳಗುತ್ತದೆ. ಆದರೆ ಆ ಕರೆಂಟ್ ಮೀಟರ್ ದಾಟಿ ಬೀದಿಗೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಇಳಿಸುವಂತೆಯೇ, ಹಿಂದಿನಿಂದ ಬಂದ 230 ವೋಲ್ಟನ್ನು 11,000ಕ್ಕೆ ಏರಿಸಿಯೂ ಬಿಡುತ್ತದೆ. ಲೈನ್ ಆಫ್ ಇದೆ ಎಂದುಕೊಂಡು ಲೈನ್‌ಮನ್ ಕಂಬದ ಮೇಲೆ ಮಳೆಯಲ್ಲಿ ತಂತಿ ಹಿಡಿದಿರುತ್ತಾನೆ. ಅಕ್ಕಪಕ್ಕದ ಮನೆಗಳ ಲೋಡ್‌ಗೆ ಕಾರು ತಾನೇ ಟ್ರಿಪ್ ಆಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಮರ ಬಿದ್ದು ತಂತಿ ತುಂಡಾಗಿದ್ದರೆ ಆ ಲೋಡೇ ಇರುವುದಿಲ್ಲ. ಬ್ಯಾಟರಿ ಇಲ್ಲದೆ ನೇರವಾಗಿ ಲೈನ್‌ಗೇ ಜೋಡಿಸಿದ (ಆನ್-ಗ್ರಿಡ್) ಸೋಲಾರ್ ಕೂಡ, ಲೈನ್‌ನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ಆಫ್ ಆಗುವುದಕ್ಕೆ ಲೈನ್‌ಮನ್‌ಗಿರುವ ಈ ಅಪಾಯವೇ ಕಾರಣ.

ಅದಕ್ಕೇ ಚೇಂಜ್ ಓವರ್ ಸ್ವಿಚ್ ಬೇಕು. ಒಂದು ಕಡೆ ಲೈನು, ಇನ್ನೊಂದು ಕಡೆ ಕಾರು, ನಡುವೆ ಆಫ್. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬಿಡಿಸುವಂಥದ್ದೇ ಆಗಬೇಕು. ಜನರೇಟರ್ ಇರುವ ಮನೆಗಳಲ್ಲಿ ಇದು ಹಳೇ ಪರಿಚಯ. ಕಾರಿನಿಂದ ಬರುವ ನ್ಯೂಟ್ರಲ್ ಅರ್ಥ್‌ಗೆ ಸೇರಿದೆಯೋ ಇಲ್ಲವೋ ಎಂಬುದನ್ನೂ ಎಲೆಕ್ಟ್ರಿಷಿಯನ್ ನೋಡಬೇಕು. ಸೇರಿರದಿದ್ದರೆ ಶಾಕ್ ಹೊಡೆದಾಗ ಟ್ರಿಪ್ ಆಗಬೇಕಾದ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ ಸುಮ್ನೆ ಕೂತುಬಿಡಬಹುದು. ಮನೆ ವೈರಿಂಗ್‌ಗೆ ಜೋಡಿಸುವುದಕ್ಕೆ ಕಾರಿನ ಕಂಪನಿ ಒಪ್ಪುತ್ತದಾ ಎಂದು ಮ್ಯಾನುಯಲ್‌ನಲ್ಲಿ ಓದಿಕೊಳ್ಳಿ. ಇಷ್ಟೆಲ್ಲ ಆಗುವವರೆಗೆ ಕಾರಿನಿಂದ ಒಂದು ಒಳ್ಳೆಯ ದಪ್ಪ ಎಕ್ಸ್‌ಟೆನ್ಷನ್ ವೈರ್ ಎಳೆದು ಫ್ರಿಜ್ಜನ್ನೂ ಒಂದು ಟೇಬಲ್ ಫ್ಯಾನನ್ನೂ ನೇರವಾಗಿ ಅದಕ್ಕೇ ಸಿಕ್ಕಿಸಿಕೊಳ್ಳಬಹುದು, ಗೋಡೆಯ ಸಾಕೆಟ್ ಮುಟ್ಟುವ ಅಗತ್ಯವೇ ಇಲ್ಲ.