ಕಾಯಿಲೆ ಬಿದ್ದ ಮೊಲಕ್ಕೆ ಹೊಟ್ಟೆಯೇ ಮೊದಲು

ಸಾಕಿದ ಮೊಲಕ್ಕೆ ವೈರಸ್ ಕಾಯಿಲೆ ಅಂದ ಕೂಡಲೇ ಎಲ್ಲರೂ ಕೇಳುವುದು ‘ಯಾವ ಇಂಜೆಕ್ಷನ್ ಕೊಡಿಸಬೇಕು?’ ಅಂತ. ವೈರಸ್ಸನ್ನೇ ಕೊಲ್ಲುವ ಇಂಜೆಕ್ಷನ್ ಇಲ್ಲ. ಹೋರಾಡಬೇಕಾದ್ದು ಮೊಲದ ಮೈ. ಅದು ಹೋರಾಡಿ ಗೆಲ್ಲುವ ತನಕ ಹೊಟ್ಟೆಯ ಕೆಲಸ ನಿಲ್ಲದ ಹಾಗೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಮೊಲದ ಕರುಳಿನಲ್ಲಿ ಸೀಕಮ್ ಎಂಬ ದೊಡ್ಡ ಚೀಲವಿದೆ. ಅದರ ತುಂಬ ಬ್ಯಾಕ್ಟೀರಿಯಾ. ಹುಲ್ಲಿನ ನಾರನ್ನು ಕರಗಿಸುವುದು ಇವೇ. ನಾರು ಒಳಗೆ ಹೋಗುತ್ತಲೇ ಇರಬೇಕು. ಅರ್ಧ ದಿನ ಏನೂ ತಿನ್ನದಿದ್ದರೆ ಕರುಳಿನ ಓಟ ನಿಧಾನವಾಗುತ್ತದೆ, ಗ್ಯಾಸ್ ತುಂಬುತ್ತದೆ, ಆ ನೋವಿಗೆ ಮೊಲ ಇನ್ನೂ ತಿನ್ನುವುದಿಲ್ಲ. ವಾಂತಿ ಮಾಡುವುದಂತೂ ಅದಕ್ಕೆ ಸಾಧ್ಯವೇ ಇಲ್ಲ. ಹಾಗಾಗಿ ದಿನಾ ಹಿಕ್ಕೆ ನೋಡಿ. ಅದು ಸಣ್ಣದಾದರೆ, ಕಮ್ಮಿಯಾದರೆ, ನಾಳೆ ನೋಡೋಣ ಅನ್ನಬೇಡಿ.

ಮೊಲಗಳ ವೈರಸ್ ಕಾಯಿಲೆಗಳಲ್ಲಿ ಹೆಚ್ಚು ಅಧ್ಯಯನ ಆಗಿರುವುದು ಮಿಕ್ಸೊಮಾಟೋಸಿಸ್. 1896ರಲ್ಲಿ ಉರುಗ್ವೆಯಲ್ಲಿ ಸನರೆಲ್ಲಿ ಎಂಬ ವಿಜ್ಞಾನಿ ಇದನ್ನು ಗುರುತಿಸಿದರು. ದಕ್ಷಿಣ ಅಮೆರಿಕದ ಕಾಡುಮೊಲಗಳಿಗೆ ಈ ವೈರಸ್ಸಿನಿಂದ ಒಂದು ಸಣ್ಣ ಗಂಟು ಬಂದು ಹೋಗುತ್ತದೆ, ಅಷ್ಟೇ. ನಾವು ಸಾಕುವ ಮೊಲಗಳು ಯುರೋಪಿನ ಮೊಲದ ವಂಶದವು. ಇವುಗಳಿಗೆ ಕಣ್ಣುರೆಪ್ಪೆ, ಮುಖ, ಜನನಾಂಗ ಎಲ್ಲ ಊದಿಕೊಳ್ಳುತ್ತವೆ. 1950ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊಲಗಳ ಕಾಟ ತಡೆಯಲು ಬೇಕೆಂದೇ ಈ ವೈರಸ್ ಬಿಟ್ಟಾಗ ಸೋಂಕು ತಗುಲಿದ ಮೊಲಗಳಲ್ಲಿ ಬದುಕಿದ್ದು ಬೆರಳೆಣಿಕೆಯಷ್ಟು. ಮನುಷ್ಯರಿಗೂ ಬಂದೀತು ಅಂತ ಜನ ಹೆದರಿದಾಗ ಅಲ್ಲಿನ ವಿಜ್ಞಾನಿಗಳಾದ ಫ್ರಾಂಕ್ ಫೆನರ್, ಮ್ಯಾಕ್‌ಫರ್ಲೇನ್ ಬರ್ನೆಟ್, ಇಯಾನ್ ಕ್ಲೂನೀಸ್ ರಾಸ್ ತಮಗೇ ಅದನ್ನು ಚುಚ್ಚಿಕೊಂಡರು. ಮೂವರಿಗೂ ಏನೂ ಆಗಲಿಲ್ಲ. ಹಾಗಾಗಿ ಮನೆಯಲ್ಲಿ ಮಕ್ಕಳಿದ್ದಾರೆ ಅಂತ ಕಾಯಿಲೆಯ ಮೊಲವನ್ನು ಹೊರಗೆ ಬಿಡುವ ಅಗತ್ಯವಿಲ್ಲ.

ಮುಖ ಕೆಟ್ಟ ಮೊಲವೆಲ್ಲ ವೈರಸ್ಸಿನದ್ದೇ ಅಂತಲ್ಲ. ಮೂಗು, ಕಿವಿಯ ಅಂಚಿನಲ್ಲಿ ಹಕ್ಕಳೆ ಕಟ್ಟಿದ್ದರೆ ಅದು ಹುಳದಿಂದ ಬರುವ ಕಜ್ಜಿಯಿರಬಹುದು. ಅದಕ್ಕೆ ಔಷಧಿ ಇದೆ, ಗುಣವಾಗುತ್ತದೆ. ಆದ್ದರಿಂದ ಮೊದಲು ಪಶುವೈದ್ಯರಿಗೆ ತೋರಿಸಿ.

ಇನ್ನು ಆರೈಕೆ. ಕಣ್ಣು ಮುಚ್ಚಿ, ಮೂಗು ಕಟ್ಟಿದ ಮೊಲಕ್ಕೆ ಮುಂದಿರುವ ಹುಲ್ಲು ಕಾಣುವುದಿಲ್ಲ, ವಾಸನೆಯೂ ತಿಳಿಯುವುದಿಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಸಿಗುವ ಸಬ್ಬಸಿಗೆ, ಪುದೀನ, ಕೊತ್ತಂಬರಿ ಇಂಥ ಗಾಢ ವಾಸನೆಯ ಸೊಪ್ಪನ್ನು ತೊಳೆದು ಬಾಯಿಯ ಹತ್ತಿರವೇ ಹಿಡಿಯಿರಿ. ಎಳೆ ಗರಿಕೆಯೂ ಆಗುತ್ತದೆ. ಮೊಲ ಉಸಿರಾಡುವುದು ಮೂಗಿನಿಂದಲೇ. ಅದಕ್ಕೇ ಬೆಚ್ಚಗಿನ ಉಪ್ಪುನೀರಿನಲ್ಲಿ ಅದ್ದಿದ ಹತ್ತಿಯಿಂದ ಮೂಗು, ಕಣ್ಣನ್ನು ಆಗಾಗ ಒರೆಸಬೇಕು.

ಆದರೂ ತಿನ್ನದಿದ್ದರೆ ಪೆಲೆಟ್ಟನ್ನು (ಮೊಲದ ಗುಳಿಗೆ ಮೇವು) ನೀರಿನಲ್ಲಿ ನೆನೆಸಿ ಗಂಜಿಯ ಹದಕ್ಕೆ ಕಿವುಚಿ, ಸೂಜಿ ತೆಗೆದ ಸಿರಿಂಜಿನಲ್ಲಿ ಕೊಡಿ. ಮುಂದಿನ ಹಲ್ಲಿನ ಹಿಂದೆ, ಕೆನ್ನೆಯ ಬದಿಯಲ್ಲಿ ಹಲ್ಲಿಲ್ಲದ ಜಾಗವಿದೆ. ಸಿರಿಂಜಿನ ತುದಿ ಅಲ್ಲಿಂದ ಒಳಗೆ ಹೋಗಬೇಕು. ಒಂದು ಚೂರು ಹಾಕಿ, ಅಗಿದು ನುಂಗುವ ತನಕ ಕಾಯಿರಿ. ಅಂಗಾತ ಮಲಗಿಸಿ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ಮಾತ್ರ ಒತ್ತಾಯ ಮಾಡದೆ ಡಾಕ್ಟರ ಹತ್ತಿರ ಓಡಿ. ಚರ್ಮದಡಿ ಸಲೈನ್, ನೋವಿನ ಔಷಧಿ ಅವರ ಕೆಲಸ.

ಮೈಯ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಬೆಚ್ಚಗಿನ ಜಾಗದಲ್ಲಿಟ್ಟ ಮೊಲಗಳು ಮಿಕ್ಸೊಮಾಟೋಸಿಸ್‌ನಿಂದ ಸಾಯುವುದು ಕಮ್ಮಿ, ಚಳಿಯಲ್ಲಿಟ್ಟವು ಸಾಯುವುದು ಜಾಸ್ತಿ ಅಂತ ಪ್ರಯೋಗಗಳು ತೋರಿಸಿವೆ. ಡಿಸೆಂಬರ್ ರಾತ್ರಿಯಲ್ಲಿ ಪಂಜರವನ್ನು ಒಳಗಿಟ್ಟು ಗೋಣಿ ಹೊದಿಸಿ. ಆದರೆ ಏಪ್ರಿಲ್ಲಿನಲ್ಲಿ ಶೀಟಿನ ಮಾಡಿನಡಿ ಇಟ್ಟರೆ ಬಿಸಿಲೇ ಕೊಲ್ಲುತ್ತದೆ. ಮೊಲಕ್ಕೆ ಬೆವರಿ ತಣ್ಣಗಾಗಲು ಆಗುವುದಿಲ್ಲ.

ಮನೆಯಲ್ಲಿರುವ ಮಾತ್ರೆ ಕೊಡುವವರನ್ನು ಕೈಮುಗಿದು ಬೇಡಿಕೊಳ್ಳುತ್ತೇನೆ, ದಯವಿಟ್ಟು ಬೇಡ. ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಬಾಯಿಗೆ ಹಾಕಿದರೆ ಸೀಕಮ್ಮಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಉಗುಳುವ ಬ್ಯಾಕ್ಟೀರಿಯಾ ಬೆಳೆಯುತ್ತವೆ. ನಾಯಿಗೆ ಹಾಕುವ ಚಿಗಟದ ಔಷಧಿಗಳಲ್ಲಿ ಫಿಪ್ರೊನಿಲ್ ಇರುವುದುಂಟು. ಅದು ಮೊಲಕ್ಕೆ ವಿಷ.

ಕೆಲವು ಸಲ ಎಷ್ಟು ಮಾಡಿದರೂ ಮೊಲ ನರಳುತ್ತಲೇ ಇರುತ್ತದೆ. ಉಸಿರಿಗೆ ಒದ್ದಾಡುತ್ತದೆ. ಆಗ ನೋವಿಲ್ಲದೆ ಕಳಿಸಿಕೊಡೋಣ ಅಂತ ಡಾಕ್ಟರ್ ಹೇಳಿದರೆ ಕೇಳಿ. ಅದು ಕೈಬಿಟ್ಟ ಹಾಗಲ್ಲ.

ಜೊತೆಗಿರುವ ಮೊಲಗಳನ್ನು ಬೇರೆ ಮಾಡಿ. ಸೊಳ್ಳೆ, ಚಿಗಟಗಳ ಬಾಯಿಗೆ ಅಂಟಿ ಮಿಕ್ಸೊಮಾಟೋಸಿಸ್ ವೈರಸ್ ಮೊಲದಿಂದ ಮೊಲಕ್ಕೆ ಹೋಗುತ್ತದೆ. ಮಂಡ್ಯದ ನಾಲೆ, ಗದ್ದೆ ಬದಿಯ ಮನೆಗಳಲ್ಲಿ ಸಂಜೆಯಾದರೆ ಸೊಳ್ಳೆ ಎಷ್ಟು ಅಂತ ಗೊತ್ತಲ್ವಾ? ಸೊಳ್ಳೆ ಬತ್ತಿಯ ಹೊಗೆಗಿಂತ ಪಂಜರದ ಸುತ್ತ ಪರದೆ ಕಟ್ಟುವುದು ವಾಸಿ. ಮೊದಲು ಹುಷಾರಾಗಿರುವ ಮೊಲಗಳಿಗೆ ಮೇವು ಹಾಕಿ, ಆಮೇಲೆ ಕಾಯಿಲೆಯದ್ದನ್ನು ನೋಡಿ, ಸೋಪು ಹಚ್ಚಿ ಕೈ ತೊಳೆಯಿರಿ.